ಕೈಯಳತೆಯ ಹಂದರ

ತಂಗಿ ಕೊಡೆಯ ಕೊಕ್ಕೆಯನ್ನು ಬಳ್ಳಿಯ ತುದಿಗೆ ಸಿಕ್ಕಿಸಿ ಜಗ್ಗಿದಳು. ಹೂ ಬರಲಿಲ್ಲ, ಎಲೆ ಬಂತು. ಇನ್ನೊಮ್ಮೆ ಜಗ್ಗಿದಾಗ ಹೂವೇನೋ ಬಂತು, ಆದರೆ ಹರಿದು ಚೂರಾಗಿ ಬಂತು. ಹಂದರದ ತುದಿಯನ್ನು ದಾಟಿ ಕಿಟಕಿಯ ಮೇಲಿನ ಸಜ್ಜೆಯವರೆಗೆ ಹತ್ತಿದ್ದ ಆ ಶಂಖಪುಷ್ಪದ ಬಳ್ಳಿ ಇದ್ದಬದ್ದ ನೀಲಿ ಹೂವನ್ನೆಲ್ಲ ಮೇಲೆಯೇ ಬಿಟ್ಟುಕೊಂಡು ಆರಾಮವಾಗಿ ಕೂತಿತ್ತು. ಹತ್ತಿ ಕೀಳೋಣವೆಂದರೆ ಮನೆಯಲ್ಲಿ ಸ್ಟೂಲಿಲ್ಲ. ಬಂದವರಿಗೆ ಕೂರಲು ಬೇಕೆಂದು ಸ್ಟೂಲು, ಕುರ್ಚಿ ಎಲ್ಲ ಅಕ್ಕನ ಮನೆಗೆ ಹೋಗಿದ್ದವು.

ಅಕ್ಕ ಸತ್ತಿದ್ದಳು. ನಿನ್ನೆ ಸಂಜೆ ಹೊಲಿಗೆ ಮಿಷನ್ನಿನ ಮುಂದೆ ಕೂತವಳು ಕೂತಲ್ಲೇ ಪಕ್ಕಕ್ಕೆ ವಾಲಿದ್ದಳು. ಇವತ್ತು ಮಧ್ಯಾಹ್ನ ವ್ಯಾನು ಬರುತ್ತದೆ. ಅಷ್ಟರೊಳಗೆ ಅಕ್ಕನ ಕಾಲ ಬಳಿ ಇಡಲು ತನ್ನ ಕುಂಡದ ಹೂ ಒಂದು ಹಿಡಿಯಾದರೂ ಬೇಕೆಂಬುದು ತಂಗಿಯ ಹಟ. ಬೀದಿಯ ಹೆಂಗಸರೆಲ್ಲ ತಂತಮ್ಮ ಕುಂಡದ ಹೂ ಹಿಡಿದೇ ಬರುತ್ತಾರೆ. ಅವರ ಬಳ್ಳಿಗಳಿಗೆಲ್ಲ ಹಂದರ ಕಟ್ಟಿಕೊಟ್ಟವಳು ಅಕ್ಕ. ಹಾಗಿರುವಾಗ ಒಡಹುಟ್ಟಿದವಳೇ ಬರಿಗೈಯಲ್ಲಿ ಹೋಗುವುದೆಂದರೆ!

“ಪುಟ್ಟಕ್ಕಾ, ಕೊಡೆಯಲ್ಲಿ ಯಾರಾದ್ರೂ ಹೂ ಕೀಳ್ತಾರೇನ್ರೀ? ಇರಿ, ನಾನು ಬಂದು ಕಿತ್ಕೊಡ್ತೀನಿ.”

ಎದುರು ಮನೆಯ ನರ್ಸಮ್ಮ. ಗೇಟಿನ ಬಳಿ ನಿಂತಿದ್ದಳು, ಕೈಯಲ್ಲಿ ಬುಟ್ಟಿ, ಬುಟ್ಟಿಯ ತುಂಬ ಮಲ್ಲಿಗೆ. ಎತ್ತರದ ಹೆಂಗಸು. ಆಸ್ಪತ್ರೆಯಲ್ಲಿ ಜನರನ್ನು ಎತ್ತಿ ಮಲಗಿಸಿ ಗಟ್ಟಿಯಾದ ತೋಳುಗಳು.

“ಬೇಡ ಬಿಡಿ. ಈ ಸಲದ ಹೂವಿಗೆಲ್ಲ ಹುಳ ಬಿದ್ದಿದೆ,” ಎಂದು ಸುಳ್ಳು ಹೇಳಿ ತಂಗಿ ಕೊಡೆಯನ್ನು ಮಡಚಿದಳು.

ಹುಳ ಬಿದ್ದದ್ದು ಹೂವಿಗಲ್ಲ, ಹೆಗಲಿಗೆ. ಅಂಚೆ ಕಚೇರಿಯಲ್ಲಿ ವರ್ಷಗಟ್ಟಲೆ ಮುದ್ರೆ ಒತ್ತಿದ ಬಲಗೈ ಕೆಲವು ತಿಂಗಳಿಂದ ಹೆಗಲಿನಿಂದ ಮೇಲೆ ಏಳುತ್ತಿರಲಿಲ್ಲ. ಆಮೇಲೆ ಎಡಗೈಯೂ ಅದರ ದಾರಿಯನ್ನೇ ಹಿಡಿಯಿತು. ಬಳ್ಳಿಯನ್ನು ಆಗಾಗ ಬಾಗಿಸಿ ಕಟ್ಟಲಾಗದೆ ಅದು ಬೇಕಾದಂತೆ ಏರಿತ್ತು. ತಂಗಿ ಇದನ್ನು ಯಾರಿಗೂ ಹೇಳಿರಲಿಲ್ಲ. ಅಕ್ಕನಿಗೆ ಹೇಳಿದರೆ ನರ್ಸಮ್ಮನಿಗೆ ಹೇಳಿದ ಹಾಗೆ. ಆಮೇಲೆ ಆಕೆ ಮುಲಾಮಿನ ಡಬ್ಬಿ ಹಿಡಿದು ಮನೆಯೊಳಗೇ ಬಂದು ಕೂರುತ್ತಾಳೆ. ಅಕ್ಕನನ್ನು ಕಸಿದುಕೊಂಡದ್ದು ಸಾಲದೇ?

* * *

ಅಕ್ಕ ದರ್ಜಿ. ಹಂದರ ಕಟ್ಟುವುದು ಅವಳ ಕಸುಬಲ್ಲ, ಹುಚ್ಚು. ಬಿದಿರನ್ನು ಸೀಳಿ ದಬ್ಬೆ ಮಾಡಿ, ಮುರಿದ ಕೊಡೆಯ ಕಡ್ಡಿಗಳನ್ನು ನಡುನಡುವೆ ಸೇರಿಸಿ, ಲೈನಿಂಗ್ ಬಟ್ಟೆಯ ಚೂರುಗಳಿಂದ ಬಿಗಿಯುತ್ತಿದ್ದಳು. ತಂತಿಯಾದರೆ ಎಳೆಯ ಬಳ್ಳಿಯನ್ನು ಕೊಯ್ಯುತ್ತದೆ, ಬಟ್ಟೆ ಕೊಯ್ಯುವುದಿಲ್ಲ. ದರ್ಜಿಯ ಚಾಳಿ ಇಲ್ಲಿಗೂ ಬಂದಿತ್ತು. ಮೊದಲು ದಬ್ಬೆಗಳು ಕೂಡುವ ಕಡೆಯಲ್ಲೆಲ್ಲ ಬಿಳಿ ದಾರದಲ್ಲಿ ಕಚ್ಚಾ ಕಟ್ಟು. ನಿಲ್ಲಿಸಿ ನೋಡಿ, ಸರಿ ಅನಿಸಿದ ಮೇಲೆಯೇ ಬಟ್ಟೆಯ ಗಂಟು.

ಅಳತೆ ತೆಗೆಯುವುದಂತೂ ಬೀದಿಗೇ ಒಂದು ತಮಾಷೆ. ಹಂದರ ಬೇಕೆಂದವರು ಚಪ್ಪಲಿ ಬಿಟ್ಟು ಅಕ್ಕನ ವರಾಂಡದಲ್ಲಿ ನೆಟ್ಟಗೆ ನಿಲ್ಲಬೇಕು.

“ಕೈ ಎತ್ತಿ. ಇನ್ನೂ ಎತ್ತಿ. ಹಿಮ್ಮಡಿ ಎತ್ತಬೇಡಿ, ಕಳ್ಳಾಟ ಬೇಡ!”

ನೆಲದಿಂದ ಬೆರಳ ತುದಿಯವರೆಗೆ ಟೇಪು ಹಿಡಿದು, ಅದರಲ್ಲಿ ಕುಂಡದ ಎತ್ತರವನ್ನು ಕಳೆದರೆ ಹಂದರದ ಎತ್ತರ. ಮೇಲಿನ ಅಡ್ಡದಬ್ಬೆ ಒಡತಿಯ ಬೆರಳಿಗೆ ಸರಿಯಾಗಿ ತಾಗಬೇಕು. “ಕೈಗೇ ಸಿಗದಿದ್ರೆ ಹೂ ಬೆಳೆದು ಏನು ಬಂತು ಭಾಗ್ಯ?” ಎನ್ನುತ್ತಿದ್ದಳು ಅಕ್ಕ. ಹೀಗಾಗಿ ಒಬ್ಬರ ಹಂದರ ಇನ್ನೊಬ್ಬರಿಗೆ ಆಗುತ್ತಿರಲಿಲ್ಲ.

ನರ್ಸಮ್ಮನ ಅಳತೆ ತೆಗೆದ ದಿನ ಅಕ್ಕ ಸ್ಟೂಲಿನ ಮೇಲೆ ಹತ್ತಿದ್ದಳು. “ಏನ್ರೀ ಇದು ಕೈಯೋ, ದೀಪದ ಕಂಬವೋ?” ಎಂದಳು. ಇಬ್ಬರೂ ಒಬ್ಬರ ಮೇಲೊಬ್ಬರು ಬೀಳುವಂತೆ ನಕ್ಕರು. ಮೆಟ್ಟಿಲ ಮೇಲೆ ಕೂತಿದ್ದ ತಂಗಿ ಎದ್ದು ಬಂದಳು.

“ನನ್ನ ಅಳತೆ?” ಎಂದು ಕೇಳಿದಳು. ಅವಳಿಗೂ ಹೊಸ ಹಂದರ ಬೇಕಿತ್ತು.

“ನಿನ್ನದೇನು ತೆಗೆಯೋದು, ಪುಟ್ಟೀ. ನಿನ್ನ ಅಳತೆ ನನಗೆ ಗೊತ್ತು,” ಎಂದು ಅಕ್ಕ ಟೇಪು ಸುತ್ತಿಟ್ಟಳು.

ಬೇಕಾದವರಿಗೆ ಟೇಪು, ಸ್ಟೂಲು, ನಗು. ತನಗೆ ಕಣ್ಣಳತೆ. ಹಂದರ ಬಂದಾಗ ಬೆರಳಿಗೆ ಸರಿಯಾಗಿಯೇ ಇತ್ತು, ಅದು ಬೇರೆ ಮಾತು. ತಂಗಿ ಅದನ್ನು ಹೊಗಳಲಿಲ್ಲ. ಆಮೇಲೆ ಬಂದ ಹಂದರಗಳಿಗೂ ಅಕ್ಕ ಟೇಪು ಹಿಡಿಯಲಿಲ್ಲ. ತಂಗಿಯೂ ಮತ್ತೆ ಕೇಳಲಿಲ್ಲ, ಮರೆಯಲೂ ಇಲ್ಲ.

* * *

ಅಕ್ಕನ ಮನೆಯ ಹಾಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಕ್ಕನ ಕಾಲ ಬಳಿ ಹೂ ರಾಶಿಬಿದ್ದಿತ್ತು. ಎಲ್ಲಕ್ಕಿಂತ ಮೇಲೆ ನರ್ಸಮ್ಮನ ಮಲ್ಲಿಗೆ. ಸಾಲದ್ದಕ್ಕೆ ಆಕೆ ಅಕ್ಕನ ತಲೆಯ ಹತ್ತಿರ ಕೂತು, ಬಂದವರಿಗೆಲ್ಲ ಕೊನೆಯ ಗಳಿಗೆಯ ವಿವರ ಹೇಳುತ್ತಿದ್ದಳು. ನಿನ್ನೆ ಮೊದಲು ಓಡಿ ಬಂದವಳು ಆಕೆಯೇ. ಅದನ್ನೂ ತಂಗಿಗೆ ಸಹಿಸಲಾಗಲಿಲ್ಲ. ಅಳಬೇಕಾದ ಹೊತ್ತಿನಲ್ಲಿ ಹೀಗೆ ಹೊಟ್ಟೆಕಿಚ್ಚು ಪಡುತ್ತಿದ್ದೇನಲ್ಲ ಎಂದು ತನ್ನ ಮೇಲೂ ಸಿಟ್ಟು ಬಂತು. ಆದರೆ ಆ ಸಿಟ್ಟಿನಿಂದ ಹೊಟ್ಟೆಕಿಚ್ಚೇನೂ ಕಡಿಮೆಯಾಗಲಿಲ್ಲ.

“ಚಿಕ್ಕಮ್ಮಾ, ಇಲ್ಲಿ ಬನ್ನಿ, ಗೋಡೆಗೆ ಒರಗಿ ಕೂತ್ಕೊಳ್ಳಿ,” ಎಂದು ಅಕ್ಕನ ಸೊಸೆ ಜಾಗ ಮಾಡಿಕೊಟ್ಟಳು. “ಹೂ ತಂದ್ರಾ?”

“ಇಲ್ಲಮ್ಮ. ಈ ಸಲ ಬಿಟ್ಟಿಲ್ಲ.”

ಹುಳ ಬಿದ್ದಿದೆ ಎಂದು ಕೇಳಿಸಿಕೊಂಡಿದ್ದ ನರ್ಸಮ್ಮ ತಲೆಯೆತ್ತಿ ನೋಡಿದಳು, ಆದರೆ ಮಾತಾಡಲಿಲ್ಲ. ಆ ದೊಡ್ಡಸ್ತಿಕೆ ಇನ್ನೂ ಚುಚ್ಚಿತು.

ಜನ ಹೆಚ್ಚಾದಾಗ ಸೊಸೆ ಹೊಲಿಗೆಯ ಕೋಣೆಯನ್ನೂ ತೆರವು ಮಾಡಲು ಹೋದಳು. ಅಲ್ಲಿಂದಲೇ ಕೂಗಿದಳು: “ಮಾವಾ, ಈ ಹಂದರ ಯಾರದ್ದು? ಇನ್ನೂ ಕಚ್ಚಾ ಕಟ್ಟಲ್ಲೇ ಇದೆ.”

ಬಾಗಿಲಿಂದ ಕಾಣುತ್ತಿತ್ತು. ಖಾಲಿ ಕುಂಡವೊಂದರಲ್ಲಿ ಹೊಸ ಬಿದಿರಿನ ಹಂದರ. ಎಲ್ಲ ಹಂದರಗಳ ಹಾಗೆ ಉದ್ದಕ್ಕೆ ಇರಲಿಲ್ಲ. ಕುಳ್ಳಗೆ ಅಗಲವಾಗಿ, ಎರಡೂ ಕಡೆ ಕೈ ಚಾಚಿದ ಹಾಗೆ ಇತ್ತು. ಕಾಲುಗಳು ಎಷ್ಟು ಆಳ ಮಣ್ಣಿಗಿಳಿಯಬೇಕು ಎಂಬುದಕ್ಕೆ ದರ್ಜಿಯ ಸೀಮೆಸುಣ್ಣದ ಗೆರೆ.

“ನನಗೇನು ಗೊತ್ತಮ್ಮ,” ಎಂದ ಭಾವ. ನಿವೃತ್ತ ಕಂಡಕ್ಟರ್. “ಬಸ್ಸಲ್ಲಿ ಇಡೀ ಜೀವಮಾನ ‘ಒಳಗೆ ನಡೀರಿ, ಒಳಗೆ ನಡೀರಿ’ ಅಂತ ಜನಾನ ತಳ್ಳಿದೋನು ನಾನು. ಮನೇಲಿ ಇವಳ ಬಿದಿರು ನನ್ನನ್ನೇ ಹೊರಗೆ ತಳ್ತಿತ್ತು. ಯಾರಿಗೆ ಅಂದ್ರೆ ಹೇಳ್ಲಿಲ್ಲ. ಎರಡು ಸಲ ಬಿಚ್ಚಿ ಕಟ್ಟಿದ್ಲು, ಮೊದಲಿಂದು ಎತ್ತರ ಆಯ್ತು ಅಂತ.”

ಹೆಂಗಸರು ಒಬ್ಬೊಬ್ಬರಾಗಿ ಕೋಣೆಯ ಬಾಗಿಲಿಗೆ ಬಂದರು. ಅಕ್ಕ ಕಟ್ಟಿದ ಕೊನೆಯ ಹಂದರ. ಯಾರಿಗೆ ಬೇಡ? ಸೊಸೆ ಪಕ್ಕದಲ್ಲಿ ನಿಂತು ಕೈಯೆತ್ತಿದಳು. ಕೈ ಅಡ್ಡದಬ್ಬೆಯನ್ನು ದಾಟಿ ಎಲ್ಲೋ ಹೋಯಿತು. ಮೂಲೆಮನೆಯ ಟೀಚರ್ ಎತ್ತಿದಳು, ಅವಳದ್ದೂ ದಾಟಿತು. ನರ್ಸಮ್ಮ ಎದ್ದು ಬಂದಾಗ ತಂಗಿಯ ಉಸಿರು ನಿಂತೇ ಹೋಯಿತು. ಅಡ್ಡದಬ್ಬೆ ನರ್ಸಮ್ಮನ ಗಲ್ಲಕ್ಕೂ ಬರಲಿಲ್ಲ. ತಂಗಿ ಉಸಿರು ಬಿಟ್ಟಳು.

“ಯಾವುದೋ ಮಗೂದಿರಬೇಕು,” ಎಂದಳು ನರ್ಸಮ್ಮ. ದನಿಯಲ್ಲಿ ಸ್ವಲ್ಪ ಬೇಸರವಿತ್ತು. “ಪುಟ್ಟಕ್ಕ, ನೀವೂ ಒಂದ್ಸಲ ನೋಡಿ. ನಮ್ಮೆಲ್ಲರಿಗಿಂತ ಕುಳ್ಳಗಿರೋರು ನೀವೇ.”

ಎಲ್ಲರೂ ಇತ್ತ ತಿರುಗಿದರು. ತಂಗಿಗೆ ಅದನ್ನು ಬಾಚಿ ತಬ್ಬಿಕೊಳ್ಳುವಷ್ಟು ಆಸೆ. ಆದರೆ ಇಷ್ಟು ಜನರೆದುರು, ಅದರಲ್ಲೂ ಈಕೆಯ ಎದುರು, ಮೇಲೇಳದ ಕೈಯನ್ನು ಎತ್ತುವುದು ಹೇಗೆ?

“ಹೆಣ ಇಟ್ಕೊಂಡು ಏನಿದು ಆಟ ನಿಮ್ಮದು? ನಾಚಿಕೆ ಆಗಲ್ವಾ?” ಎಂದು ಕಿರುಚಿದಳು. ಹೆಂಗಸರು ತಲೆ ತಗ್ಗಿಸಿ ಚದುರಿದರು. ಹಂದರ ಕೋಣೆಯಲ್ಲೇ ಉಳಿಯಿತು.

* * *

ವ್ಯಾನು ಬಂತು, ಹೋಯಿತು. ಜೊತೆಗೆ ಹೋದವರು ಮರಳಿ ಬಂದು, ಕೈಕಾಲು ತೊಳೆದು, ಒಂದೊಂದು ಲೋಟ ಚಹಾ ಕುಡಿದು ಮನೆಗೆ ಹೋದರು. ಯಾರೂ ಇಲ್ಲದ ಹೊತ್ತು ನೋಡಿ ತಂಗಿ ಹೊಲಿಗೆಯ ಕೋಣೆಗೆ ಬಂದಳು.

ಮಿಷನ್ನಿನ ಮೇಲೆ ಅವಳದೇ ಹಸಿರು ರವಿಕೆ ಇತ್ತು. ತೋಳು ಬಿಚ್ಚಿತ್ತು. ಕಂಕುಳಿನ ಬಳಿ ಹೊಸ ಪಟ್ಟಿಯೊಂದನ್ನು ಅಕ್ಕ ಗುಂಡುಸೂಜಿಯಿಂದ ಸಿಕ್ಕಿಸಿದ್ದಳು. ನಿನ್ನೆ ಸಂಜೆ ವಾಲುವಾಗ ಅವಳು ಹೊಲಿಯುತ್ತಿದ್ದದ್ದು ಇದನ್ನೇ.

* * *

ಆ ರವಿಕೆಯನ್ನು ಹಾಕಿ ನೋಡಲು ಬಂದ ದಿನ ಅಕ್ಕ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು, “ಕೈ ಎತ್ತು,” ಎಂದಿದ್ದಳು.

ತಂಗಿ ಎತ್ತಿದಳು. ಹೆಗಲಿಗಿಂತ ಒಂದಿಷ್ಟು ಮೇಲೆ ಹೋದ ಕೈ ಅಲ್ಲೇ ನಿಂತಿತು. ನೋವಿಗೆ ಕಣ್ಣು ಕತ್ತಲಿಟ್ಟಿತು. ಆದರೂ ಬಾಯಿ ಸೋಲಲಿಲ್ಲ.

“ಏನು ತೋಳು ಹೊಲಿದಿದೀಯೇ? ಕೈಯೇ ಎತ್ತೋಕಾಗಲ್ಲ, ಅಷ್ಟು ಬಿಗಿ. ನರ್ಸಮ್ಮಂದಾದ್ರೆ ಅಚ್ಚುಕಟ್ಟಾಗಿ ಹೊಲೀತೀಯ.”

ಅಕ್ಕ ಸೂಜಿಗಳನ್ನು ಒಂದೊಂದಾಗಿ ಬಾಯಿಂದ ತೆಗೆದಳು. ತೋಳನ್ನು ನೋಡಲಿಲ್ಲ. ಗಾಳಿಯಲ್ಲಿ ನಿಂತುಹೋಗಿದ್ದ ಕೈಯನ್ನೇ ನೋಡುತ್ತಿದ್ದಳು.

“ಹೌದು ಕಣೇ, ಬಿಗಿ ಆಗಿದೆ,” ಎಂದಳು. “ಬಿಚ್ಚಿ ಸರಿ ಮಾಡ್ತೀನಿ. ಕೈ ಇಳಿಸು, ಪುಟ್ಟೀ.”

ಅಷ್ಟೇ. ಏನಾಯಿತೆಂದು ಕೇಳಲಿಲ್ಲ. ಅಕ್ಕನಿಗೆ ತನ್ನ ಮೇಲೆ ಗಮನವೇ ಇಲ್ಲ ಎಂದು ಬೈದುಕೊಂಡೇ ತಂಗಿ ಅಂದು ಮನೆಗೆ ಹೋಗಿದ್ದಳು.

* * *

ತಂಗಿ ರವಿಕೆಯನ್ನು ಕೆಳಗಿಟ್ಟಳು. ಮೂಲೆಯಲ್ಲಿದ್ದ ಕುಳ್ಳ ಹಂದರವನ್ನು ನೋಡಿದಳು. ಆಮೇಲೆ ಹೋಗಿ ಬಾಗಿಲ ಚಿಲಕ ಹಾಕಿದಳು.

ಚಿಲಕ ತೆಗೆದು ಹೊರಬಂದಾಗ ಹಂದರ ಅವಳ ಕಂಕುಳಲ್ಲಿತ್ತು. ಮುಖವೆಲ್ಲ ಒದ್ದೆ. ವರಾಂಡದಲ್ಲಿದ್ದ ಭಾವ ನೋಡಿದ. “ಹುಷಾರು, ಕಚ್ಚಾ ಕಟ್ಟು,” ಎಂದಷ್ಟೇ ಹೇಳಿದ.

ಹಿಂದಿನ ಓಣಿಯಿಂದ ಹೋಗಿದ್ದರೆ ಯಾರಿಗೂ ಕಾಣುತ್ತಿರಲಿಲ್ಲ. ತಂಗಿ ಬೀದಿಯ ನಟ್ಟನಡುವೆ ನಡೆದಳು. ಟೀಚರ್ ಮನೆಯ ಮುಂದೆ ನಡಿಗೆ ನಿಧಾನ ಮಾಡಿದಳು. ನರ್ಸಮ್ಮನ ಗೇಟಿನ ಮುಂದಂತೂ ಬೇಕೆಂದೇ ನಿಂತು ಸೆರಗು ಸರಿಮಾಡಿಕೊಂಡಳು.

ಮನೆಯ ಮುಂದೆ ಶಂಖಪುಷ್ಪದ ಕುಂಡದ ಬಳಿ ಮಂಡಿಯೂರಿ, ಹಳೆಯ ಹಂದರದ ಮುಂದೆ, ಸೀಮೆಸುಣ್ಣದ ಗೆರೆ ಮಣ್ಣಿಗೆ ಮುಟ್ಟುವವರೆಗೂ ಹಂದರದ ಕಾಲುಗಳನ್ನು ಒತ್ತಿದಳು. ಹಿಂದೆ ಗೇಟು ಕಿರುಗುಟ್ಟಿತು.

“ಪುಟ್ಟಕ್ಕ, ಇದನ್ನ್ಯಾಕೆ ತಂದ್ರಿ? ಯಾವುದೋ ಮಗೂದು ಅಂದೆನಲ್ಲ. ಪಾಪ, ಆ ಮಗು ಕೇಳ್ಕೊಂಡು ಬಂದ್ರೆ?”

“ಯಾವ ಮಗುವೂ ಬರಲ್ಲ. ಇದು ನಂದು.”

“ನಿಮಗೆ ಹೇಗೆ ಗೊತ್ತು?”

ತಂಗಿ ಎದ್ದಳು. ಚಪ್ಪಲಿ ಬಿಟ್ಟಳು. ಬೀದಿಯ ಹೆಂಗಸರೆಲ್ಲ ಅಕ್ಕನ ವರಾಂಡದಲ್ಲಿ ನಿಲ್ಲುತ್ತಿದ್ದ ಹಾಗೆ ಕುಂಡದ ಪಕ್ಕ ನೆಟ್ಟಗೆ ನಿಂತು, ಹಲ್ಲು ಕಚ್ಚಿ, ಬಲಗೈ ಎತ್ತಿದಳು. ಕೈ ಎದೆಯನ್ನು ದಾಟಿತು. ಹೆಗಲ ಮಟ್ಟಕ್ಕೆ ಬಂತು. ಅಲ್ಲಿಂದ ಒಂದಿಷ್ಟು ಮೇಲೆ ಹೋಗಿ ನಿಂತಿತು. ಬೆರಳ ತುದಿ ಅಡ್ಡದಬ್ಬೆಗೆ ಸರಿಯಾಗಿ ತಾಗಿತ್ತು.

ನರ್ಸಮ್ಮ ಕೈಯನ್ನು, ಹೆಗಲನ್ನು, ಸಜ್ಜೆಯ ಮೇಲಿನ ಹೂವನ್ನು ನೋಡಿದಳು. ಆಸ್ಪತ್ರೆಯವಳು, ಬಿಡಿಸಿ ಹೇಳಬೇಕಾಗಿರಲಿಲ್ಲ.

“ಅಯ್ಯೋ! ಯಾವಾಗಿಂದ ಹೀಗೆ? ನಿಮ್ಮಕ್ಕನಿಗೆ ಗೊತ್ತಿತ್ತಾ? ದಿನಾ ಸಂಜೆ ಜೊತೇಲಿ ಕೂರ್ತಿದ್ವಿ, ನನಗೆ ಒಂದು ಮಾತೂ ಹೇಳ್ಲಿಲ್ಲವಲ್ಲ ಅವರು!”

“ಒಂದು ಮಾತೂ ಹೇಳ್ಲಿಲ್ವಾ?”

“ಇಲ್ಲ ಕಣ್ರೀ.” ನರ್ಸಮ್ಮನ ಮುಖ ಸಣ್ಣಗಾಯಿತು. “ಕೈ ಇಳಿಸಿ, ಪುಟ್ಟಕ್ಕ. ನೋವಾಗುತ್ತೆ.”

ನೋಯುತ್ತಿತ್ತು. ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಎದುರು ಸಾಲಿನ ಬಾಗಿಲುಗಳಿಂದ ಒಬ್ಬೊಬ್ಬರೇ ಇಣುಕತೊಡಗಿದ್ದರು. ಕಚ್ಚಾ ಕಟ್ಟಿನ ಬಿಳಿ ದಾರದ ತುದಿಯೊಂದು ಗಾಳಿಗೆ ಅಲ್ಲಾಡಿ ಅವಳ ಬೆರಳಿಗೆ ತಾಗುತ್ತಿತ್ತು. ಎಲ್ಲರೂ ನೋಡಲಿ ಎಂದು ತಂಗಿ ಕೈ ಎತ್ತಿಕೊಂಡೇ ನಿಂತಿದ್ದಳು.