ಒಳಗೆ ಬಿಟ್ಟ ಎರಡು ಬೆರಳು ಬಟ್ಟೆ

೧
ಈ ಕಥೆಯನ್ನು ಟೈಲರಿಂದ ಶುರು ಮಾಡಲೋ, ಅವರ ಮಗಳಿಂದಲೋ ಎಂದು ಮೂರು ದಿನದಿಂದ ತಲೆ ಕೆರೆದುಕೊಳ್ಳುತ್ತಿದ್ದೇನೆ. ಅವಳು ಮಾರ್ಕೆಟಿಂಗ್ ಓದಿದವಳು. ಮೊದಲ ಸಾಲಿನಲ್ಲೇ ‘ಕಸ್ಟಮರ್ ವ್ಯಾಲ್ಯೂ’ ಅನ್ನುತ್ತಾಳೆ, ನೀವು ಪುಟ ಮಗುಚುತ್ತೀರಿ. ಆದ್ದರಿಂದ ಟೈಲರ್.

೨
ಎದುರಿಗೆ ಗಾಜಿನ ಬಾಗಿಲಿನ ರೆಡಿಮೇಡ್ ಅಂಗಡಿ ಬಂದ ಮೇಲೆ ಟೈಲರ ಮೆಷಿನ್ ದಿನಕ್ಕೆರಡು ಸಲ ಸದ್ದು ಮಾಡಿದರೆ ಹೆಚ್ಚು. ಈ ತಿಂಗಳೊಳಗೆ ಗಿರಾಕಿಗಳು ವಾಪಸ್ ಬರದಿದ್ದರೆ ಅಂಗಡಿ ಮುಚ್ಚುವುದೆಂದು ಅಪ್ಪ ಮಗಳು ಮಾತಾಡಿಕೊಂಡಿದ್ದರು. (ಇಲ್ಲಿ ಅರ್ಧ ಪುಟ ಕಣ್ಣೀರು ಬರೆದಿದ್ದೆ. ಟೈಲರ್ ಓದಿ, ನಾನು ಯಾವಾಗ ಅತ್ತೆ ಎಂದು ಕೇಳಿದರು. ಹರಿದು ಹಾಕಿದೆ.)

ಎದುರಿನವರು ಕೊಡದೇ ಇರುವುದನ್ನು ನಾವೇನು ಕೊಡುತ್ತೇವೆ ಎಂದು ಮಗಳು ಕೇಳಿದಳು. ಏನಿಲ್ಲ, ಹೊಲಿಗೆಯ ಒಳಗಡೆ ಎರಡು ಬೆರಳು ಬಟ್ಟೆ ಜಾಸ್ತಿ ಬಿಡುತ್ತೇನೆ, ಮೈ ಬಂದರೆ ಬಿಚ್ಚಿ ಅಗಲ ಮಾಡಬಹುದಲ್ಲ ಎಂದರು ಅಪ್ಪ. ಮೂವತ್ತು ವರ್ಷದಿಂದ ಇದನ್ನು ಯಾರಿಗೂ ಹೇಳಿಲ್ಲವಂತೆ. ಮಗಳು ಹಣೆ ಚಚ್ಚಿಕೊಂಡಳು.

೩
ಅಳತೆ ಪುಸ್ತಕ ತೆಗೆದು, ಇದ್ದಬದ್ದ ಗಿರಾಕಿಗಳಿಗೆಲ್ಲ ಅವರವರ ಅಳತೆಯ ಲೆಕ್ಕದಲ್ಲೇ ಮೆಸೇಜ್ ಕಳಿಸಿದಳು. ಇಲ್ಲಿನ ಶಾಲೆಯ ಹೆಡ್‌ಮೇಡಂಗೆ ಹೋದದ್ದು ಹೀಗಿತ್ತು: ‘ನಾಲ್ಕು ವರ್ಷದಲ್ಲಿ ನಿಮ್ಮ ಸೊಂಟ ಮೂವತ್ತನಾಲ್ಕರಿಂದ ಮೂವತ್ತೆಂಟಕ್ಕೆ ಬಂದಿದೆ. ಮೊದಲೇ ಹೊಲಿಗೆಯೊಳಗೆ ಬಟ್ಟೆ ಬಿಟ್ಟಿದ್ದೇವೆ, ನಲವತ್ತೆರಡಕ್ಕೂ ನಾವು ಸಿದ್ಧ! ನಿಮ್ಮ ಜೊತೆ ಬೆಳೆಯುವ ಬಟ್ಟೆ.’

(ಓದುಗರೇ, ನಗಬೇಡಿ. ಮೆಸೇಜ್ ನಿಮಗೂ ಬಂದಿದ್ದರೆ?)

೪
ಹೆಡ್‌ಮೇಡಂ ಮರುದಿನ ಬೆಳಿಗ್ಗೆಯೇ ಬಂದರು. ಅವರು ಕೂಗಾಡಲಿ ಎಂದು ನನ್ನ ಆಸೆ. ಶಾಲೆಯಲ್ಲಿ ಕೂಗಿದ್ದೇ ಸಾಕು ಎಂದು ಒಪ್ಪಲಿಲ್ಲ. ಫೋನನ್ನು ಟೇಬಲ್ ಮೇಲಿಟ್ಟು ಮೆಲ್ಲಗೆ ಕೇಳಿದರು.

“ನಾನು ದಪ್ಪ ಆಗ್ತೀನಿ ಅಂತ ಮೊದಲನೇ ದಿನವೇ ಗೊತ್ತಿತ್ತಾ ನಿಮಗೆ?”

ಮಗಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. ಮೂವತ್ತು ವರ್ಷದ ಅಂಗಡಿಯನ್ನು ಒಂದೇ ದಿನದಲ್ಲಿ ಮುಳುಗಿಸಿದೆನಲ್ಲ ಎಂದು ಸಂಕಟವಾಯಿತು.

“ಗೊತ್ತಿರ್ಲಿಲ್ಲಮ್ಮ,” ಎಂದರು ಟೈಲರ್. “ನಾಲ್ಕು ವರ್ಷದ ಹಿಂದೆ ಹೊಲಿಸಿದ್ರಲ್ಲ, ಆ ಕೋಟು ನಿಮಗೆ ಬಹಳ ಇಷ್ಟ ಆಗಿತ್ತು. ಇಷ್ಟ ಆದದ್ದು ಬೇಗ ಬಿಗಿ ಆಗ್ಬಾರ್ದು ಅಂತ ಅಷ್ಟೇ.”

ಮಗಳು ಕಾಲೇಜಿನಲ್ಲಿ ಎರಡು ವರ್ಷ ಓದಿದ ಪಾಠ ಇದೇ. ಅಲ್ಲಿ ಅದಕ್ಕೆ ಬಾಣದ ಗುರುತುಗಳಿದ್ದ ಚಿತ್ರ ಬೇರೆ ಇತ್ತು. ತನ್ನ ಶಾಲೆಯ ಲಂಗದ ಅಂಚನ್ನು ಅಪ್ಪ ಪ್ರತಿ ವರ್ಷ ಬಿಚ್ಚಿ ಉದ್ದ ಮಾಡುತ್ತಿದ್ದದ್ದು, ಹಳೆಯ ಮಡಿಕೆಯ ಗೆರೆ ಕಾಣುತ್ತದೆಂದು ತಾನು ನಾಚುತ್ತಿದ್ದದ್ದು ಈಗ ನೆನಪಾಯಿತು.

೫
ಮುಕ್ತಾಯಗಳು. ಅಂಗಡಿ ಮುಚ್ಚಿತು ಎಂದು ಬರೆದೆ. ಹಾಗಾದರೆ ನಿಮ್ಮ ಪ್ಯಾಂಟು ಯಾರು ಹೊಲೀತಾರೆ ಎಂದರು ಟೈಲರ್. ಗಿರಾಕಿಗಳು ಸಾಲುಗಟ್ಟಿದರು ಎಂದು ಬರೆದೆ. ಡೇಟಾ ಎಲ್ಲಿ ಸರ್ ಎಂದಳು ಮಗಳು. ಎರಡನ್ನೂ ಹೊಡೆದುಹಾಕಿದ್ದೇನೆ.

೭ (ಆರನೆಯದನ್ನು ಹೆಡ್‌ಮೇಡಂ ಕಿತ್ತುಕೊಂಡರು. ಅದರಲ್ಲಿ ಅವರ ತೂಕವಿತ್ತು.)
ನಡೆದದ್ದು ಇಷ್ಟು. ಹೆಡ್‌ಮೇಡಂ ಚೀಲದಿಂದ ಅದೇ ಕೋಟು ತೆಗೆದರು. ನಾಳೆ ಶಾಲೆಯಲ್ಲಿ ಬಹುಮಾನ ವಿತರಣೆ, ಗುಂಡಿ ಮುಟ್ಟುತ್ತಿಲ್ಲ. ಟೈಲರ್ ಹೊಲಿಗೆ ಬಿಚ್ಚತೊಡಗಿದರು. ಮಗಳು ಕ್ಷಮೆ ಕೇಳಿ, ಅಂಕಿಗಳೇ ಇಲ್ಲದ ಹೊಸ ಮೆಸೇಜ್ ಬರೆದಳು: ‘ನಿಮ್ಮ ಇಷ್ಟದ ಬಟ್ಟೆ ಬಿಗಿಯಾಗಿದ್ದರೆ ತನ್ನಿ.’

ತಿಂಗಳು ಮುಗಿಯಲು ಇನ್ನೂ ನಾಲ್ಕು ದಿನವಿದೆ. ಕಥೆ ಬರೆಯುವ ನೆಪದಲ್ಲಿ ನಾನು ಹೆಡ್‌ಮೇಡಂ ಹಿಂದೆ ನಿಂತಿದ್ದೇನೆ, ಚೀಲದಲ್ಲಿ ಪ್ಯಾಂಟು ಹಿಡಿದುಕೊಂಡು. ನನ್ನ ಹಿಂದೆ ಚಪ್ಪಲಿ ಬಿಟ್ಟ ಸದ್ದಾಯಿತು. ಗಿರಾಕಿಯೋ, ವಿಳಾಸ ಕೇಳಲು ಬಂದವರೋ, ನಾನು ತಿರುಗಿ ನೋಡಿಲ್ಲ.