ಕಾಲರಿನ ಗುಂಡಿ

"ಈ ಗಂಟು ಎಷ್ಟು ದಿನದಿಂದ ಇದೆ?" ಎಂದು ಡಾಕ್ಟರಮ್ಮ ಕೇಳಿದ್ದೇ ತಡ, ಬಸ್ ಡ್ರೈವರ್ ಬಾಯಿಪಾಠ ಒಪ್ಪಿಸಿದ.

"ಎರಡು ವಾರ ಆಯ್ತು ಮೇಡಂ. ಹಲ್ಲು ನೋವು ಬಂತು ನೋಡಿ, ಅದರ ಹಿಂದೇನೇ ಇದೂ ಬಂತು."

ಪಕ್ಕದ ಸ್ಟೂಲಿನಲ್ಲಿ ಕೂತಿದ್ದ ಹೆಂಡತಿ ಕೈಚೀಲವನ್ನು ಮಡಿಲಿಗೆಳೆದುಕೊಂಡಳು. ಎರಡು ವಾರವೂ ಸುಳ್ಳು, ಹಲ್ಲು ನೋವೂ ಸುಳ್ಳು. ಬಾಯಿ ಬಿಡುವುದಿಲ್ಲ ಎಂದು ಬರುವ ದಾರಿಯಲ್ಲೇ ಅವಳಿಂದ ಆಣೆ ಹಾಕಿಸಿಕೊಂಡಿದ್ದ. "ನಿಜ ಹೇಳಿದ್ರೆ ಸೂಜಿ ಚುಚ್ತಾರೆ. ನಮ್ಮಣ್ಣನ ಗಂಟಿಗೂ ಹಂಗೇ ಚುಚ್ಚಿದ್ರು. ಆಮೇಲೆ ಎಷ್ಟು ದಿನ ಇದ್ದ? ಸೂಜಿ ತಾಗಿದ್ರೆ ಅದು ಕೆರಳುತ್ತೆ ಕಣೇ."

ಡಾಕ್ಟರಮ್ಮ ಅವನ ಬೆನ್ನ ಹಿಂದೆ ನಿಂತು ಕುತ್ತಿಗೆಯ ಮೇಲೆ ಬೆರಳಾಡಿಸಿದರು.

"ಅಮ್ಮಾ! ನೋವು!" ಡ್ರೈವರ್ ಕಿರುಚಿದ ರಭಸಕ್ಕೆ ಆಚೆ ಕೂತವರು ಪರದೆ ಸರಿಸಿ ಇಣುಕಿದರು.

"ಗಂಟಿರೋದು ಎಡಗಡೆ. ನಾನಿನ್ನೂ ಬಲಗಡೆ ಮುಟ್ತಿದೀನಿ."

"ಅಲ್ಲಿಗೂ ಎಳೆಯುತ್ತೆ ಮೇಡಂ."

ಅವರು ನಗಲಿಲ್ಲ. ಎಡಗಡೆ, ದವಡೆಯ ಕೆಳಗೆ, ನಿಂಬೆಹಣ್ಣಿನಷ್ಟಿದ್ದ ಗಂಟನ್ನು ಅಲ್ಲಾಡಿಸಿ ನೋಡಿದರು. ಬಾಯಿ ತೆರೆಸಿ ಟಾರ್ಚ್ ಬಿಟ್ಟರು. ಬೀಡಿ ಸಿಗರೇಟು? ಇಲ್ಲ. ತೂಕ ಇಳಿದಿದೆಯಾ? ಇಲ್ಲ. ನುಂಗೋಕೆ ಕಷ್ಟ? ಏನೂ ಇಲ್ಲ.

"ಹಲ್ಲಿನ ಸೋಂಕಿಂದ ಗಂಟು ಊದೋದುಂಟು. ಎರಡೇ ವಾರ ಅಂತೀರಿ, ನೋವಿದೆ ಅಂತೀರಿ. ಹಾಗಾದ್ರೆ ಮಾತ್ರೆ ಕೊಟ್ಟು ನೋಡಬಹುದು, ಹದಿನೈದು ದಿನ ಬಿಟ್ಟು ಬರಲೇಬೇಕು. ತಿಂಗಳುಗಟ್ಟಲೆ ಇದ್ದಿದ್ರೆ ಮಾತ್ರ ಹೀಗೆ ಕಳಿಸೋ ಹಾಗಿಲ್ಲ, ಇವತ್ತೇ ಸೂಜಿ ಹಾಕಿ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕಾಗುತ್ತೆ. ಸರಿಯಾಗಿ ನೆನಪು ಮಾಡ್ಕೊಳ್ಳಿ." ಕೇಳಿದ್ದು ಅವನನ್ನು, ನೋಡಿದ್ದು ಅವಳನ್ನು.

ಅವಳು ನೆಲ ನೋಡಿದಳು. ಮಾತ್ರೆ! ಎಷ್ಟು ಹಿತವಾದ ಮಾತು. ಮಾತ್ರೆ ನುಂಗಿ ಹೋಗುವಂಥದ್ದೇ ಆಗಿದ್ದರೆ? ಆಗಿರಲಿ. ದೇವರೇ, ಆಗಿರಲಿ.

ಆದರೆ ಅವಳು ಟೈಲರ್. ಮೈ ಏನೇ ದೂರಿದರೂ ಬಟ್ಟೆಯಲ್ಲೇ ಪರಿಹಾರ ಹುಡುಕಿದವಳು. ಮಳೆಗಾಲ ಇನ್ನೂ ಶುರುವಾಗುವ ಮುಂಚೆ ಗಂಡ "ಕಾಲರ್ ಬಿಗಿಯಾಗ್ತಿದೆ" ಅಂದಿದ್ದ. ಒಗೆದೊಗೆದು ಕುಗ್ಗಿದೆ ಎಂದು ಗುಂಡಿ ಸರಿಸಿದ್ದಳು. ಮಳೆ ನಿಂತ ಮೇಲೆ ಮತ್ತೆ ಸರಿಸಿದಳು. "ತಿಂದಿದ್ದೆಲ್ಲಾ ಕುತ್ತಿಗೆಗೇ ಹೋಗ್ತಿದೆಯಲ್ರೀ" ಎಂದು ಛೇಡಿಸಿಯೂ ಇದ್ದಳು. ಅದೇ ದಿನಗಳಲ್ಲಿ ಅವನ ಪ್ಯಾಂಟಿನ ಸೊಂಟ ಹಿಡಿದು ಹೊಲಿದವಳೂ ಅವಳೇ. ಮೇಲೆ ಸಡಿಲ ಮಾಡಿದಳು, ಕೆಳಗೆ ಬಿಗಿ ಮಾಡಿದಳು. ಒಂದೇ ಮೈಯಲ್ಲಿ ಎರಡೂ ಯಾಕಾಗುತ್ತಿದೆ ಎಂದು ಒಮ್ಮೆಯೂ ಯೋಚಿಸಿರಲಿಲ್ಲ.

ಡ್ರೈವರ್ ಗೆದ್ದವನಂತೆ ಎದ್ದು, ಚೀಟಿ ಇಸಿದುಕೊಂಡು ಬಾಗಿಲವರೆಗೆ ಹೋದ. ಅಲ್ಲಿ ನಿಂತು ಯೂನಿಫಾರ್ಮಿನ ಕತ್ತಿನ ಗುಂಡಿ ಹಾಕಲು ನೋಡಿದ. ಆಗಲಿಲ್ಲ. ಹೆಂಡತಿಯ ಕಿವಿಯ ಹತ್ತಿರ ಬಗ್ಗಿ ಮೆಲ್ಲಗೆ ಅಂದ: "ಸಂಜೆ ಇದನ್ನ ಇನ್ನೊಂಚೂರು ಸರಿಸಿಬಿಡೇ."

ಅಷ್ಟೇ. ಅವಳು ಕಾಲರಿಗೆ ಕೈ ಹಾಕಿ ಅವನನ್ನು ದರದರನೆ ಒಳಗೆಳೆದಳು.

"ಏಯ್, ಏನೇ ಇದು! ಬಿಡೇ!"

"ನೋಡಿ ಡಾಕ್ಟ್ರೇ, ಇಲ್ಲಿ ನೋಡಿ! ಗುಂಡಿ ಮೊದಲಿದ್ದಿದ್ದು ಇಲ್ಲಿ, ದಾರ ಕಿತ್ತ ತೂತು ಕಾಣುತ್ತಾ? ಆಮೇಲೆ ಇಲ್ಲಿ. ಈಗ ಇಲ್ಲಿ. ಮಳೆಗಾಲದ ಮುಂಚಿಂದ ಸರಿಸ್ತಾನೇ ಇದೀನಿ. ಸೊಂಟ ಇಳಿದಿದೆ. ನೋವೂ ಇಲ್ಲ, ಹಲ್ಲೂ ಇಲ್ಲ, ಎಲ್ಲಾ ನಾಟಕ! ಸೂಜಿ ಚುಚ್ಚಿದ್ರೆ ಕೆರಳುತ್ತೆ ಅಂತ ಹೆದರಿಕೆ ಇವ್ರಿಗೆ!"

ಡ್ರೈವರ್ ಗೋಡೆಗೊರಗಿದ. "ಆಣೆ ಹಾಕಿದ್ದೆ ನೀನು."

"ಹಾಕಿದ್ದೆ. ಮುರಿದೆ. ಆಗೋದೆಲ್ಲಾ ನನಗೇ ಆಗ್ಲಿ."

ಡಾಕ್ಟರಮ್ಮ ಚೀಟಿ ವಾಪಸ್ ಇಸಿದುಕೊಂಡರು. "ಸೂಜಿಯಿಂದ ಯಾವುದೂ ಕೆರಳಲ್ಲ. ನಿಮ್ಮಂಥೋರು ಎಲ್ಲಾ ಮುಗಿದ ಮೇಲೆ ಬರ್ತೀರಿ, ಪಾಪ ಸೂಜಿಗೆ ಕೆಟ್ಟ ಹೆಸರು. ಅಂಗಿ ಬಿಚ್ಚಿ, ಮಲಗಿ."

"ಟಿಬಿ ಇರಬಹುದಾ ಡಾಕ್ಟ್ರೇ?" ಅವಳು ಮೇಜಿನ ಅಂಚು ಹಿಡಿದುಕೊಂಡಳು. "ಟಿಬಿ ಗಂಟಾದ್ರೆ ವಾಸಿಯಾಗುತ್ತಂತಲ್ಲ. ಟಿಬಿ ಅಂತಾನೇ ಬರೀರಿ, ನಿಮ್ಮ ಕಾಲಿಗೆ ಬೀಳ್ತೀನಿ."

"ನಾನು ಬರೆದಂಗೆ ಗಂಟು ಕೇಳಲ್ಲಮ್ಮ. ಟಿಬಿಯೂ ಇರಬಹುದು, ಬರೀ ನೀರು ತುಂಬಿದ ಗುಳ್ಳೆಯೂ ಇರಬಹುದು. ಇನ್ನೊಂದೂ ಇರಬಹುದು. ಗಂಟಲಲ್ಲಿ ಒಂದು ಕಡೆ ಸ್ವಲ್ಪ ದಪ್ಪ ಕಾಣ್ತಿದೆ, ಹಲ್ಲಿನ ಸೋಂಕಿಂದು ಅಂದ್ಕೊಂಡಿದ್ದೆ, ಅದನ್ನೂ ಟೆಸ್ಟ್ ಮಾಡಿಸ್ತೀನಿ. ಈಗ ಆಚೆ ಕೂತಿರಿ."

ಪರದೆ ಎಳೆದರು. ಒಳಗಿನಿಂದ ಈ ಸಲ ಕಿರುಚಾಟ ಬರಲಿಲ್ಲ. 

ಅವನು ಬಿಚ್ಚಿಕೊಟ್ಟ ಅಂಗಿ ಅವಳ ಮಡಿಲಲ್ಲಿತ್ತು. ಕೈಚೀಲದ ಪಟ್ಟಿಗೆ ಯಾವಾಗಲೂ ಚುಚ್ಚಿಟ್ಟಿರುತ್ತಿದ್ದ ಸೂಜಿದಾರ ಎಳೆದುಕೊಂಡಳು. ಹಲ್ಲಿನಲ್ಲಿ ಕಚ್ಚಿ ಕತ್ತಿನ ಗುಂಡಿ ಕಿತ್ತಳು. ಮೊಟ್ಟಮೊದಲಿನ ತೂತು ಬೆರಳಿನಿಂದ ತಡವಿ ಹುಡುಕಿ, ಗುಂಡಿಯನ್ನು ಅಲ್ಲಿಗೇ ವಾಪಸ್ ಹೊಲಿಯತೊಡಗಿದಳು. ಸೂಜಿ ಬೆರಳಿಗೆ ಚುಚ್ಚಿತು. ಒರೆಸಿಕೊಂಡು ಮತ್ತೆ ಹೊಲಿದಳು. ಬಿಗಿಯಾಗಿ, ಇನ್ನೊಂದು ಸುತ್ತು, ಮತ್ತೊಂದು ಸುತ್ತು, ಇನ್ನು ಮುಂದೆ ಅದು ಅಲ್ಲಿಂದ ಅಲ್ಲಾಡಲೇಬಾರದು ಎಂಬಂತೆ.