ರುಡೊಲ್ಫನ ನೂರು ವಾಟ್ಸ್

ಕಂಕನಾಡಿಯಲ್ಲಿ ಹದಿನೆಂಟು ವರ್ಷ ರೇಡಿಯೋ ರಿಪೇರಿ ಮಾಡಿ ನಾನು ಗಳಿಸಿದ್ದು ಹೆಸರೊಂದನ್ನೇ. 'ಸಂಕಪ್ಪ ಮುಟ್ಟಿದ ಸೆಟ್ಟು ಮತ್ತೆ ಕೈಕೊಡುವುದಿಲ್ಲ' ಎಂದು ಜನ ಹೇಳುತ್ತಿದ್ದರು. ಆ ಹೆಸರನ್ನು ಹಾಳು ಮಾಡಲು ಬಹ್ರೈನಿನಿಂದ ಒಬ್ಬ ಮನುಷ್ಯ ವಿಮಾನ ಹತ್ತಿ ಬರಬೇಕಾಯಿತು.

ಅದು ಎಂಬತ್ತಮೂರನೇ ಇಸವಿ. ರುಡೊಲ್ಫ್ ತನ್ನ ತಂಗಿ ಎಸ್ತೆರಳ ಮದುವೆಗೆಂದು ರಜೆಯಲ್ಲಿ ಬಂದಿದ್ದ. ಜೊತೆಗೆ ಒಂದು ಸ್ಟೀರಿಯೋ ರಿಸೀವರ್ ತಂದಿದ್ದ. ರೇಡಿಯೋ, ಆಂಪ್ಲಿಫೈಯರ್ ಎರಡೂ ಒಂದೇ ಪೆಟ್ಟಿಗೆಯಲ್ಲಿ, ಒಂದೊಂದು ಸ್ಪೀಕರಿಗೆ ನೂರು ವಾಟ್ಸ್. ಸ್ಪೀಕರುಗಳು ಭಾರವೆಂದು ಅಲ್ಲೇ ಬಿಟ್ಟು ಬಂದಿದ್ದ. ಮನೆಗೆ ಬಂದವರೆಲ್ಲ ಆ ಪೆಟ್ಟಿಗೆಯ ಮುಂದೆ ನಿಂತು "ನೂರು ವಾಟ್ಸಾ!" ಎನ್ನಬೇಕು. ಕಾಫಿ ಆಮೇಲೆ.

ಸ್ಪೀಕರ್ ಕೇಳಿಕೊಂಡು ಅವನು ಬಂದಾಗ ನನ್ನಲ್ಲಿದ್ದದ್ದು ಹದಿನೈದು ವಾಟ್ಸಿನ ಸ್ಪೀಕರುಗಳು. ಸಾಗುವಾನಿ ಪೆಟ್ಟಿಗೆಯಲ್ಲಿ ಒಂದು ಜೋಡಿ ಕೂರಿಸಿ, ಕೊಡುವಾಗಲೇ, ಊರಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ ಕರೆದು, ಹೇಳಿದೆ.

"ಪೊರ್ಬುಗಳೇ, ಗುಂಡಿಯನ್ನು ಮೂರರಿಂದ ಮೇಲೆ ತಿರುಗಿಸ್ಬೇಡಿ. ಪುಟ್ಟ ಕುಡ್ತೆಯಲ್ಲಿ ಸೇರು ಅಕ್ಕಿ ಹಿಡಿಸುದಿಲ್ಲ. ಒಳಗಿನ ತಂತಿ ಸುಟ್ಟು ಹೋಗ್ತದೆ."

"ನಾನು ದುಡ್ಡು ಕೊಟ್ಟದ್ದು ಹತ್ತರವರೆಗೆ ಮಾರಾಯ. ಮೂರರಲ್ಲಿ ನಿಲ್ಲಿಸ್ಲಿಕ್ಕೆ ನನಗೆಂತ ಹುಚ್ಚಾ?"

ಹುಚ್ಚಿಗೆ ಮದ್ದಾದರೂ ಉಂಟು. ಅದೇ ಸಂಜೆ ಅವನು ಹತ್ತಕ್ಕೆ ತಿರುಗಿಸಿದ. ಎರಡು ನಿಮಿಷ ಓಣಿಯ ನಾಯಿಗಳೆಲ್ಲ ದಿಕ್ಕೆಟ್ಟು ಓಡಿದವು. ಮೂರನೆಯ ನಿಮಿಷಕ್ಕೆ ಸ್ಪೀಕರುಗಳಿಂದ ಹೊಗೆ ಬಂತು. ಅವನ ತಾಯಿ ಉರ್ಸುಲಾಬಾಯಿ ಶಿಲುಬೆಯ ಗುರುತು ಮಾಡಿಕೊಂಡರಂತೆ.

ಕುಣಿಯಲಾರದವಳಿಗೆ ನೆಲ ಡೊಂಕು. ಭಾನುವಾರ ಪೂಜೆ ಮುಗಿದ ಮೇಲೆ ಇಗರ್ಜಿಯ ಮೆಟ್ಟಿಲ ಮೇಲೆ ನಿಂತು ರುಡೊಲ್ಫ್ ಸಾರಿದ: "ಸಂಕಪ್ಪನ ಸ್ಪೀಕರ್ ಒಲೆಗೆ ಹಾಕ್ಲಿಕ್ಕೂ ಲಾಯಕ್ಕಿಲ್ಲ." ಸೋಮವಾರ ಲಿಗೋರಿ ಮಾಸ್ಟರು ಬಂದು, ನಾನು ಅರ್ಧ ಬಿಚ್ಚಿಟ್ಟಿದ್ದ ತಮ್ಮ ರೇಡಿಯೋವನ್ನು ಹಾಗೆಯೇ ಚೀಲಕ್ಕೆ ತುಂಬಿಸಿಕೊಂಡು ಹೋದರು. ಬುಧವಾರದ ಹೊತ್ತಿಗೆ ನನ್ನ ಮೇಜು ಖಾಲಿ. ನಿಜ ಹೇಳಿದ್ದಕ್ಕೆ ಸಿಕ್ಕಿದ ಬಹುಮಾನ ಇದು. ನನಗೆ ಮೈಯೆಲ್ಲ ಉರಿಯಿತು.

ನೂರು ವಾಟ್ಸಿನ ಸ್ಪೀಕರ್ ಬೊಂಬಾಯಿಯಿಂದ ಬರಬೇಕು, ಒಂದು ತಿಂಗಳಾದರೂ ಬೇಕು ಎಂದು ಪೇಟೆಯ ಅಂಗಡಿಯವರೆಲ್ಲ ಅವನನ್ನು ವಾಪಸು ಕಳಿಸಿದರು. ಮದುಮಗಳಿಗೆ ತೆಂಗಿನಹಾಲು ಹಚ್ಚುವ ರೋಸ್ ಶಾಸ್ತ್ರಕ್ಕೆ ಉಳಿದದ್ದು ನಾಲ್ಕೇ ದಿನ. ರುಡೊಲ್ಫ್ ರಿಸೀವರನ್ನು ಹಸುಗೂಸಿನಂತೆ ಎತ್ತಿಕೊಂಡು ನನ್ನಲ್ಲಿಗೇ ಬಂದ.

"ಬೇರೆ ಸ್ಪೀಕರ್ ಹಾಕಿ ಕೊಡು. ಆದ್ರೆ ಗುಂಡಿ ಹತ್ತಕ್ಕೆ ಹೋಗ್ಬೇಕು. ಈ ಸಲ ಸುಟ್ರೆ ರೋಸಿನ ಚಪ್ಪರದಲ್ಲೇ, ಮೈಕಿನಲ್ಲಿ ನಿನ್ನ ಹೆಸರು ಹೇಳ್ತೇನೆ."

"ಒಂದು ದಿವಸ ಸೆಟ್ಟು ಇಲ್ಲಿರ್ಲಿ. ಮ್ಯಾಚಿಂಗ್ ಮಾಡ್ಲಿಕ್ಕುಂಟು," ಎಂದೆ.

ಇಂಗ್ಲಿಷು ಕೇಳಿದ್ದೇ ಅವನ ಮುಖ ಅರಳಿತು.

ಮ್ಯಾಚಿಂಗ್ ಎಂದರೆ ಇಷ್ಟೇ. ಸೆಟ್ಟು ಬಿಚ್ಚಿ, ಸ್ವರ ಗುಂಡಿಗೆ ಹೋಗುವ ದಾರಿಯಲ್ಲಿ ಭತ್ತದ ಕಾಳಿನಷ್ಟು ದೊಡ್ಡ ಎರಡು ರೆಸಿಸ್ಟರ್ ಬೆಸೆದೆ. ಇನ್ನು ಗುಂಡಿ ಹತ್ತಕ್ಕೆ ಬಂದರೂ ಹೊರಗೆ ಕೇಳುವುದು ಮೊದಲಿನ ಮೂರರಷ್ಟೇ. ಸ್ಪೀಕರುಗಳು ಹೊಸವಾದರೂ ಮೊದಲಿನಂತೆ ಹದಿನೈದು ವಾಟ್ಸಿನವೇ.

ರೋಸಿನ ಸಂಜೆ ಚಪ್ಪರ ತುಂಬಿತ್ತು. ರುಡೊಲ್ಫ್ ಎಲ್ಲರನ್ನೂ ಹತ್ತಿರ ಕರೆದು, ಗುಂಡಿಯನ್ನು ನಿಧಾನವಾಗಿ ಹತ್ತಕ್ಕೆ ತಿರುಗಿಸಿದ. ಲೆಕ್ಕ ನನ್ನದೇ ಆದರೂ ನಾನು ಕಂಬದ ಮರೆಗೆ ಸರಿದೆ. ಹಾಡು ಚಪ್ಪರದ ತುಂಬ ಚೆನ್ನಾಗಿ ಕೇಳಿತು. ಹೊಗೆ ಬರಲಿಲ್ಲ.

ಪಕ್ಕದ ಮನೆಯ ಎಡ್ವಿನ್ ಸುಮ್ಮನಿರಲಿಲ್ಲ. ಅವನೂ ದುಬೈಯಿಂದ ಸೆಟ್ಟು ತಂದವ.

"ನೂರು ವಾಟ್ಸ್ ಅಂದ್ರೆ ಇಷ್ಟೆಯಾ?"

ರುಡೊಲ್ಫ್ ಒಂದು ಗಳಿಗೆ ಗುಂಡಿಯನ್ನು ನೋಡಿದ, ಮತ್ತೆ ಎಡ್ವಿನನನ್ನು ನೋಡಿದ.

"ಕಿರುಚುದು ಲೋಕಲ್ ಸೆಟ್ಟು ಮಾರಾಯ. ಇದು ಫಾರಿನ್. ಫುಲ್ಲಿನಲ್ಲಿಟ್ರೂ ನೀನು ಮಾತಾಡಿದ್ದು ಕೇಳ್ತದಲ್ಲ, ಅದೇ ಕ್ಲ್ಯಾರಿಟಿ."

ಎಲ್ಲರೂ ತಲೆಯಾಡಿಸಿದರು. ಎಡ್ವಿನನೂ ಆಡಿಸಿದ. ಹತ್ತು ಎಂದು ಬರೆದದ್ದು ಕಣ್ಣಿಗೆ ಕಂಡ ಮೇಲೆ ಕಿವಿಯನ್ನು ಯಾರು ಕೇಳುತ್ತಾರೆ? ಮದುವೆ ಮುಗಿದ ಮರುದಿನವೇ ಎಡ್ವಿನ್ ತನ್ನ ಸೆಟ್ಟು ಹೊತ್ತು ತಂದು, "ನನಗೂ ಆ ಮ್ಯಾಚಿಂಗ್ ಮಾಡಿ ಕೊಡಿ," ಎಂದ. ಲಿಗೋರಿ ಮಾಸ್ಟರ ರೇಡಿಯೋ ಅದೇ ಚೀಲದಲ್ಲಿ ಮರಳಿ ಬಂತು. ನಿಜ ಹೇಳಿ ಕಳೆದುಕೊಂಡ ಹೆಸರು, ಮೋಸ ಮಾಡಿದ ಮೇಲೆ ದುಪ್ಪಟ್ಟಾಗಿ ಬಂತು. ನಾಚಿಕೆಯಾಯಿತು, ಆದರೆ ಮೇಜಿನ ಮೇಲೆ ಜಾಗವಿರಲಿಲ್ಲ.

ಆ ವಾರವೇ ರುಡೊಲ್ಫನ ಹೆಂಡತಿ ಒಲಿಂಡಾ ಅಂಗಡಿಗೆ ಬಂದರು. ಇಲ್ಲೇ ಆಸ್ಪತ್ರೆಯ ಆಪರೇಷನ್ ಥಿಯೇಟರಿನಲ್ಲಿ ನರ್ಸ್ ಅವರು.

"ಸಂಕಪ್ಪಣ್ಣ, ಆ ಪೆಟ್ಟಿಗೆಯ ಒಳಗೆ ಎಂತ ಹಾಕಿದ್ರಿ? ನಿಜ ಹೇಳಿ."

ಅವರೆದುರು ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. ಡಬ್ಬಿಯಿಂದ ಒಂದು ರೆಸಿಸ್ಟರ್ ತೆಗೆದು ಅವರ ಅಂಗೈಯಲ್ಲಿಟ್ಟೆ.

"ಇಷ್ಟೇ, ಬಾಯಮ್ಮ. ಎಷ್ಟು ತಿರುಗಿಸಿದ್ರೂ ಮೂರೇ."

ಒಲಿಂಡಾ ಅದನ್ನು ಬೆಳಕಿಗೆ ಹಿಡಿದು ನೋಡಿದರು.

"ಅವರು ವಾಪಸ್ ಹೋಗ್ಲಿಕ್ಕೆ ಇನ್ನೂ ಇಪ್ಪತ್ತು ದಿವಸ ಉಂಟು," ಎಂದರು. "ಇನ್ನೊಂದು ಕೊಡಿ. ಅವರ ಗಂಟಲು ತೆರೆದು ಹಾಕುವ ಕೆಲಸ ನಮ್ಮ ಥಿಯೇಟರಿನಲ್ಲಿ ನಾನು ಮಾಡಿಸ್ತೇನೆ."